ಅದು ನಮ್ಮ ವಿಭಾಗದ್ದಲ್ಲ

ಕಳೆದ ರಜೆಯಲ್ಲಿ ಅಕ್ಕನ ಮಗಳು ಬೆಂಗಳೂರಿನಿಂದ ಬಂದಿದ್ದಳು. ಓದು ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ. ಸಂಜೆ ಚಹಾ ಕುಡಿಯುತ್ತಾ ಮೊಬೈಲ್ ನೋಡಿ ಒಬ್ಬಳೇ ನಗುತ್ತಿದ್ದಳು. ಏನು ವಿಷಯ ಎಂದು ಕೇಳಿದೆ. "ಬನ್ನಿ ಖಾಲಾ, ನೀವೂ ನೋಡಿ. ಇದು ನಮ್ಮ ಆಫೀಸಿನ ಕಥೆಯೇ" ಎಂದು ಪಕ್ಕದಲ್ಲಿ ಕೂರಿಸಿಕೊಂಡಳು.

ನೋಡಿದರೆ ಜಪಾನಿನ ಕಾರ್ಟೂನು. ಅವರು ಅದನ್ನು ಅನಿಮೆ ಎನ್ನುತ್ತಾರೆ. ಉದ್ದನೆಯ ಮೇಜು. ಅದರ ಸುತ್ತ ಮುಖವಾಡ, ಕವಚ ತೊಟ್ಟ ಭಯಂಕರ ಆಕೃತಿಗಳು. ಅವರೆದುರು ಬಿಳಿ ಕೋಟು ಹಾಕಿದ ಸಾಧಾರಣ ಹುಡುಗಿಯೊಬ್ಬಳು ಕಾಗದ ಹಿಡಿದು ಬೆವರುತ್ತಾ ನಿಂತಿದ್ದಾಳೆ. ಹೊಸ ರಕ್ಕಸನೊಬ್ಬನನ್ನು ತಯಾರಿಸಲು ಮೇಲಧಿಕಾರಿಗಳ ಮಂಜೂರಾತಿ ಕೇಳುತ್ತಿದ್ದಾಳೆ! ಇಷ್ಟು ಖರ್ಚು ಏಕೆ, ಇದರಿಂದ ಪ್ರಯೋಜನವೇನು ಎಂದು ಅವರು ಒಬ್ಬರಾದ ಮೇಲೊಬ್ಬರು ಪ್ರಶ್ನೆ ಹಾಕುತ್ತಿದ್ದಾರೆ.

ಈ ಧಾರಾವಾಹಿಯ ಹೆಸರು 'ಕೈಜಿನ್ ಕೈಹತ್ಸುಬು ನೊ ಕುರೊಯಿತ್ಸು-ಸಾನ್'. ನಮ್ಮ ಮಾತಿನಲ್ಲಿ ಹೇಳುವುದಾದರೆ 'ರಕ್ಕಸ ತಯಾರಿ ವಿಭಾಗದ ಕುರೊಯಿತ್ಸು ಅವರು'. ಹಿರೊಅಕಿ ಮಿಝುಸಾಕಿ ಎಂಬವರು 2019ರಲ್ಲಿ ಬರೆಯಲು ಆರಂಭಿಸಿದ ಚಿತ್ರಕಥೆ ಇದರ ಮೂಲ. 2022ರ ಜನವರಿಯಲ್ಲಿ ಅನಿಮೆಯಾಗಿ ಜಪಾನಿನ ಟಿ.ವಿ.ಯಲ್ಲಿ ಬಂತು. ಅಗಾಸ್ಟಿಯಾ ಎಂಬುದು ಜಗತ್ತನ್ನೇ ವಶಪಡಿಸಿಕೊಳ್ಳಲು ಹೊರಟ ಗುಪ್ತ ಸಂಘಟನೆ. ಕುರೊಯಿತ್ಸು ಅಲ್ಲಿ ಸಹಾಯಕ ಸಂಶೋಧಕಿ. ಅಲ್ಲಿ ತಯಾರಾಗುವ ರಕ್ಕಸರು ಬ್ಲೇಡರ್ ಎಂಬ ವೀರನೊಂದಿಗೆ ಕಾದಾಡಬೇಕು. ಆದರೆ ಕಥೆಯ ಕಣ್ಣು ಕಾದಾಟದ ಮೇಲಿಲ್ಲ, ಅದಕ್ಕೆ ಮುಂಚಿನ ಕಚೇರಿ ಕೆಲಸದ ಮೇಲಿದೆ.

ಮೊದಲ ಕಂತಿನ ಕಥೆ ಕೇಳಿ. ಹೇಗೋ ಮಂಜೂರಾತಿ ಸಿಗುತ್ತದೆ. ಹಣ ಕಡಿಮೆ, ದಿನಗಳು ಇನ್ನೂ ಕಡಿಮೆ. ನಿದ್ದೆಗೆಟ್ಟು ಒಬ್ಬ ತೋಳಮಾನವನನ್ನು ಸಿದ್ಧಪಡಿಸುತ್ತಾಳೆ. ಇನ್ನೇನು ಮುಗಿಯಿತು ಎನ್ನುವಾಗ ಸಂಘಟನೆಯ ಪರಮೋಚ್ಚ ನಾಯಕಿ ಅಕಾಶಿಕ್‌ಳ ಅಪ್ಪಣೆ ಬರುತ್ತದೆ. ನೋಡಲು ಪುಟ್ಟ ಹುಡುಗಿಯಂತಿರುವ ಅವಳಿಗೆ ರಕ್ಕಸ ಮುದ್ದಾದ ಹೆಣ್ಣಾಗಿರಬೇಕಂತೆ! ಮೇಲಿನವರ ಮಾತಿಗೆ ಎದುರಾಡುವಂತಿಲ್ಲ. ಗಡಿಬಿಡಿಯಲ್ಲಿ ದೇಹ ಬದಲಾಗುತ್ತದೆ. ಆದರೆ ಮನಸ್ಸು ಆಗಲೇ ಗಂಡಾಗಿ ತಯಾರಾಗಿಬಿಟ್ಟಿತ್ತು. ಕಣ್ಣು ಬಿಟ್ಟ ಪಾಪದ ತೋಳ ತನ್ನ ರೂಪ ನೋಡಿ ತಾನೇ ಹೌಹಾರುತ್ತದೆ. ಹೊಲಿದು ಮುಗಿಸಿದ ಬಟ್ಟೆಯನ್ನು ಹಬ್ಬದ ಹಿಂದಿನ ರಾತ್ರಿ ಬಿಚ್ಚಿ ಮತ್ತೆ ಹೊಲಿದುಕೊಟ್ಟ ಹೆಂಗಸರಿಗೆ ಕುರೊಯಿತ್ಸುವಿನ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಜಪಾನಿನವರಿಗೆ ಇದು ಇಷ್ಟು ನಗು ತರಿಸಲು ಕಾರಣವಿದೆ. ಅಲ್ಲಿನ ಕಚೇರಿಗಳಲ್ಲಿ 'ರಿಂಗಿ' ಎಂಬ ಪದ್ಧತಿಯಿದೆ. ಕೆಳಗಿನ ನೌಕರ ಪ್ರಸ್ತಾವದ ಕಾಗದ ಬರೆಯುತ್ತಾನೆ. ಅದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಏರುತ್ತಾ ಹೋಗುತ್ತದೆ. ಪ್ರತಿಯೊಬ್ಬರೂ ತಮ್ಮ ಹೆಸರಿನ ಪುಟ್ಟ ಮುದ್ರೆಯನ್ನು ಒತ್ತಬೇಕು. ಆ ಮುದ್ರೆಗೆ 'ಹಂಕೊ' ಎಂದು ಹೆಸರು. 2020ರಲ್ಲಿ ಕೊರೋನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡಿ ಎಂದು ಸರಕಾರ ಹೇಳಿದರೂ, ಮುದ್ರೆ ಒತ್ತಲೆಂದೇ ರೈಲು ಹತ್ತಿ ಕಚೇರಿಗೆ ಹೋದವರಿದ್ದರು. ಕೊನೆಗೆ ಆಗಿನ ಆಡಳಿತ ಸುಧಾರಣಾ ಸಚಿವ ತಾರೊ ಕೊನೊ, ಸರಕಾರಿ ಕೆಲಸಗಳಲ್ಲಿ ಅನಗತ್ಯ ಮುದ್ರೆ ನಿಲ್ಲಿಸಿ ಎಂದು ಇಲಾಖೆಗಳಿಗೆ ಸೂಚಿಸಬೇಕಾಯಿತು.

ಈ ಪದ್ಧತಿಗೆ ಒಂದು ಒಳ್ಳೆಯ ಮುಖವಿದೆ. ಎಲ್ಲರ ಅಭಿಪ್ರಾಯ ಪಡೆದೇ ಕೆಲಸ ಮುಂದುವರಿಯುತ್ತದೆ. ಇನ್ನೊಂದು ಮುಖವೂ ಇದೆ. ಹತ್ತು ಮುದ್ರೆ ಬಿದ್ದ ಕಾಗದಕ್ಕೆ ಹೊಣೆ ಯಾರು? ಹತ್ತು ಮಂದಿಯೂ ಹೌದು, ಒಬ್ಬರೂ ಅಲ್ಲ.

ಅವಳ ಜೊತೆ ನಾನೂ ನಗುತ್ತಿದ್ದೆ. ಆದರೆ ಮೇಷ್ಟ್ರಗಿರಿಯ ಅಭ್ಯಾಸ ನೋಡಿ, ಪ್ರಶ್ನೆ ಕೇಳದೆ ಇರಲಾಗಲಿಲ್ಲ. "ಅಲ್ಲಮ್ಮಾ, ಆ ಹುಡುಗಿ ಇಷ್ಟು ಕಷ್ಟಪಟ್ಟು ತಯಾರಿಸಿದ ರಕ್ಕಸ ಹೊರಗೆ ಹೋಗಿ ಜನರಿಗೆ ಏನು ಮಾಡುತ್ತಾನೆ?"

ಅವಳು ಸ್ವಲ್ಪ ಯೋಚಿಸಿದಳು. "ಅದನ್ನು ಜಾಸ್ತಿ ತೋರಿಸುವುದಿಲ್ಲ ಖಾಲಾ. ಬ್ಲೇಡರ್ ಜೊತೆ ಹೊಡೆದಾಟ ಆಗುತ್ತದೆ, ಅಷ್ಟೆ" ಎಂದಳು.

ಈ ಉತ್ತರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಇಂತಹ ಕಥೆಗಳು ಎಲ್ಲಿಂದ ಹುಟ್ಟಿದವು ಎಂದು ನಾಲ್ಕು ದಿನ ಓದಿ ತಿಳಿದುಕೊಂಡೆ.

ಇವುಗಳ ಅಜ್ಜ ಎನ್ನಬಹುದಾದ ಧಾರಾವಾಹಿ 'ಕಾಮೆನ್ ರೈಡರ್', ಅಂದರೆ ಮುಖವಾಡದ ಸವಾರ. ಪ್ರಸಿದ್ಧ ಚಿತ್ರಕಾರ ಶೊತಾರೊ ಇಶಿನೊಮೊರಿ ಅದರ ಕರ್ತೃ. 1971ರ ಏಪ್ರಿಲ್ 3ರಂದು ಪ್ರಸಾರ ಆರಂಭವಾಯಿತು. ಅದರಲ್ಲಿ ಶಾಕರ್ ಎಂಬ ದುಷ್ಟ ಸಂಘಟನೆಯಿದೆ. ಅದು ಬುದ್ಧಿವಂತ ಯುವಕರನ್ನು ಅಪಹರಿಸಿ, ಅವರ ದೇಹವನ್ನು ಕೊಯ್ದು ಬದಲಿಸಿ ರಕ್ಕಸರನ್ನಾಗಿ ಮಾಡುತ್ತದೆ. ಹೊಂಗೊ ತಕೆಶಿ ಎಂಬ ತರುಣನನ್ನೂ ಹಿಡಿದು ಅವನ ದೇಹಕ್ಕೆ ಮಿಡತೆಯ ಶಕ್ತಿ ತುಂಬುತ್ತಾರೆ. ಮೆದುಳನ್ನು ಬದಲಿಸುವುದಷ್ಟೇ ಬಾಕಿ. ಅದಕ್ಕೆ ಮುಂಚೆಯೇ ಒಬ್ಬರು ಅವನನ್ನು ಪಾರು ಮಾಡುತ್ತಾರೆ. ಯಾರು? ಶಾಕರ್‌ಗಾಗಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ಡಾ. ಮಿದೊರಿಕಾವ! ಸಂಘಟನೆ ಅವರನ್ನು ಬಲವಂತದಿಂದ ದುಡಿಸುತ್ತಿತ್ತು. ಒಬ್ಬ ಯುವಕನನ್ನು ಉಳಿಸಿದ ತಪ್ಪಿಗೆ ಅವರು ಜೇಡಮಾನವನ ಕೈಯಲ್ಲಿ ಪ್ರಾಣ ಕಳೆದುಕೊಳ್ಳುತ್ತಾರೆ. ಮುಂದೆ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದ್ದು ಸವಾರನಿಗೆ. ಆದರೆ ಆ ವಿಜ್ಞಾನಿ 'ಇನ್ನು ನನ್ನಿಂದಾಗದು' ಎಂದು ನಿರ್ಧರಿಸದೆ ಇದ್ದಿದ್ದರೆ ಸವಾರನೇ ಇರುತ್ತಿರಲಿಲ್ಲ.

1971ರ ವಿಜ್ಞಾನಿಯನ್ನೂ 2022ರ ಕುರೊಯಿತ್ಸುವನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿ. ಇಬ್ಬರ ಕೆಲಸವೂ ಒಂದೇ. ಇಬ್ಬರೂ ರಕ್ಕಸರನ್ನು ತಯಾರಿಸುವವರು. ಆದರೆ ಅವರನ್ನು ಹಿಡಿದಿಟ್ಟದ್ದು ಪ್ರಾಣಭಯ. ಇವಳನ್ನು ಹಿಡಿದಿಟ್ಟದ್ದು ಸಂಬಳ, ಗಡುವು, ಮಂಜೂರಾತಿ, 'ಚೆನ್ನಾಗಿ ಮಾಡಿದೆ' ಎಂಬ ಒಂದು ಮಾತು. ಪ್ರಾಣಭಯದಲ್ಲಿರುವವನಿಗೆ ತಾನು ಸೆರೆಯಲ್ಲಿದ್ದೇನೆಂದು ಗೊತ್ತಿರುತ್ತದೆ. ಬಾಗಿಲು ತೆರೆದಾಗ ಓಡುತ್ತಾನೆ. ಸಂಬಳದವಳು ಸಂಜೆ ತಾನೇ ಬಾಗಿಲು ಹಾಕಿಕೊಂಡು ಮನೆಗೆ ಹೋಗುತ್ತಾಳೆ, ಬೆಳಿಗ್ಗೆ ತಾನೇ ತೆರೆದು ಒಳಗೆ ಬರುತ್ತಾಳೆ.

ದುಷ್ಟರನ್ನು ಮನೆಯವರಂತೆ ತೋರಿಸುವ ಹಾಸ್ಯ ಇದೇ ಮೊದಲಲ್ಲ. 2006ರಲ್ಲಿ ಬಂದ 'ಹಿಮಿತ್ಸು ಕೆಶ್ಶಾ ತಾಕಾ ನೊ ತ್ಸುಮೆ', ಎಂದರೆ 'ಗುಪ್ತ ಸಂಘಟನೆ ಗಿಡುಗನ ಉಗುರು', ಇದೇ ಜಾತಿಯದು. ಫ್ರಾಗ್‌ಮನ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಕಲಾವಿದರೊಬ್ಬರು ಕಥೆ, ಚಿತ್ರ, ಹೆಚ್ಚಿನ ಪಾತ್ರಗಳ ಧ್ವನಿ ಎಲ್ಲವನ್ನೂ ತಾವೇ ಮಾಡಿದ ಧಾರಾವಾಹಿ. ಅಲ್ಲಿ ಜಗತ್ತನ್ನು ಗೆಲ್ಲಲು ಹೊರಟವರಿಗೆ ಬಾಡಿಗೆ ಕಟ್ಟಲೂ ಕಷ್ಟ! 2024ರ ಜನವರಿಯಲ್ಲಿ ಬಂದ ಇನ್ನೊಂದು ಅನಿಮೆಯಲ್ಲಿ ದುಷ್ಟ ಸಂಘಟನೆಯ ಸೇನಾಧಿಕಾರಿ ರಜೆಯ ದಿನ ಯಾರೊಂದಿಗೂ ಜಗಳಕ್ಕೆ ಹೋಗುವುದಿಲ್ಲ. ಮೃಗಾಲಯಕ್ಕೆ ಹೋಗಿ ಪಾಂಡಾಗಳನ್ನು ನೋಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಾನೆ. ಇವೆಲ್ಲ ಒಂದು ಸತ್ಯವನ್ನು ಹೇಳುತ್ತವೆ. ಕೆಟ್ಟ ಕೆಲಸ ಮಾಡುವವರೂ ನಮ್ಮಂತೆಯೇ ಉಣ್ಣುವವರು, ದಣಿಯುವವರು, ನಗುವವರು.

ಆದರೆ ಅಗಾಸ್ಟಿಯಾದ ಹಾಸ್ಯದಲ್ಲಿ ಒಂದು ಕಹಿ ಬೆರೆತಿದೆ. ಅಲ್ಲಿನ ಮೇಲಧಿಕಾರಿ ಮೆಗಿಸ್ಟಸ್ ನೋಡಲು ಭಯಂಕರ. ಸ್ವಭಾವದಲ್ಲಿ ಮಾತ್ರ ಕೈಕೆಳಗಿನವರ ಕಷ್ಟಸುಖ ವಿಚಾರಿಸುವ ಮನುಷ್ಯ. ಇಂತಹ ಯಜಮಾನನನ್ನು ಕಂಡು ಜಪಾನಿನ ವೀಕ್ಷಕ ನಗುತ್ತಾ ನಿಟ್ಟುಸಿರು ಬಿಡುತ್ತಾನೆ. ಏಕೆಂದರೆ ನೌಕರರನ್ನು ಹಿಂಡುವ ಕಂಪೆನಿಗಳಿಗೆ ಅಲ್ಲಿ 'ಕಪ್ಪು ಕಂಪೆನಿ' ಎಂಬ ಹೆಸರೇ ಬಿದ್ದಿದೆ. ಅತಿಯಾಗಿ ದುಡಿದು ಸಾಯುವುದಕ್ಕೆ 'ಕರೋಶಿ' ಎಂಬ ಪದವಿದೆ. 2015ರ ಡಿಸೆಂಬರ್ 25ರಂದು ಟೋಕಿಯೊದಲ್ಲಿ ದೊಡ್ಡ ಜಾಹೀರಾತು ಕಂಪೆನಿಯೊಂದರ 24 ವರ್ಷದ ಉದ್ಯೋಗಿ ಯುವತಿ ಆತ್ಮಹತ್ಯೆ ಮಾಡಿಕೊಂಡಳು. ತಿಂಗಳಿಗೆ ನೂರು ಗಂಟೆಗೂ ಮೀರಿ ಹೆಚ್ಚುವರಿ ದುಡಿಸಿದ್ದೇ ಕಾರಣವೆಂದು ಮರುವರ್ಷ ಕಾರ್ಮಿಕ ಇಲಾಖೆ ಒಪ್ಪಿಕೊಂಡಿತು. 2017ರಲ್ಲಿ ನ್ಯಾಯಾಲಯ ಆ ಕಂಪೆನಿಗೆ ವಿಧಿಸಿದ ದಂಡ 5 ಲಕ್ಷ ಯೆನ್ ಮಾತ್ರ. 2018ರಲ್ಲಿ ಕಾನೂನು ತಿದ್ದುಪಡಿಯಾಗಿ, ಹೆಚ್ಚುವರಿ ದುಡಿಮೆ ಸಾಮಾನ್ಯವಾಗಿ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆ ಮೀರಬಾರದೆಂದು ಮಿತಿ ಬಂತು. 2019ರ ಏಪ್ರಿಲ್‌ನಿಂದ ಅದು ದೊಡ್ಡ ಕಂಪೆನಿಗಳಲ್ಲಿ ಜಾರಿಯಾಯಿತು.

ಹೀಗಿರುವಾಗ 'ಜಗತ್ತನ್ನು ನಾಶ ಮಾಡುವ ಕಂಪೆನಿಯಾದರೂ ಪರವಾಗಿಲ್ಲ, ನಮ್ಮ ಯಜಮಾನನಿಗಿಂತ ಮೆಗಿಸ್ಟಸ್ ಮೇಲು' ಎಂದು ಯಾರಿಗಾದರೂ ಅನಿಸಿದರೆ ಆಶ್ಚರ್ಯವಿಲ್ಲ. ದಣಿದವರ ಆ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಸಹೋದರಿಯರೇ, ಇಲ್ಲಿ ತಕ್ಕಡಿ ಒಂದಲ್ಲ, ಎರಡು. ನನ್ನನ್ನು ನನ್ನ ಕಂಪೆನಿ ಹೇಗೆ ನೋಡಿಕೊಳ್ಳುತ್ತದೆ ಎಂಬುದು ಒಂದು. ನನ್ನ ಕಂಪೆನಿಯ ಬಾಗಿಲಿನಿಂದ ಹೊರಗೆ ಹೋಗುವ ವಸ್ತು ಇನ್ನೊಬ್ಬರ ಮನೆಯಲ್ಲಿ ಏನು ಮಾಡುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಚೆನ್ನಾಗಿದ್ದರೆ ಎರಡನೆಯದರ ನೆನಪೇ ಆಗುವುದಿಲ್ಲ. ದುಡಿಮೆ ಹಲಾಲ್ ಆಗಿರಬೇಕೆಂದು ಮಕ್ಕಳಿಗೆ ಕಲಿಸುವ ನಾವು ಸಾಮಾನ್ಯವಾಗಿ ಕೇಳುವುದು, 'ಸಂಬಳ ಎಷ್ಟು? ಊಟ, ವಾಹನ ಕೊಡುತ್ತಾರೆಯೇ? ರಾತ್ರಿ ಪಾಳಿ ಇದೆಯೇ?' ಎಂದು. ಕೇಳಬೇಕಾದ ಪ್ರಶ್ನೆಗಳೇ ಅವು. ಆದರೆ ಅಷ್ಟಕ್ಕೇ ನಿಲ್ಲಿಸುತ್ತೇವೆ.

ಕುರೊಯಿತ್ಸು ಕೆಟ್ಟವಳಲ್ಲ, ಅದೇ ಈ ಕಥೆಯ ವಿಶೇಷ. ಸೋಮಾರಿಯಲ್ಲ, ಸುಳ್ಳುಗಾರ್ತಿಯಲ್ಲ. ತಾನು ತಯಾರಿಸಿದ ರಕ್ಕಸರ ಬಗ್ಗೆ ಅವಳಿಗೆ ಅಕ್ಕರೆಯಿದೆ. ನಾವು ಮಕ್ಕಳಲ್ಲಿ ಬಯಸುವ ಗುಣಗಳೆಲ್ಲ ಅವಳಲ್ಲಿವೆ. ಒಂದು ಕೆಟ್ಟ ಕೆಲಸ ವರ್ಷಗಟ್ಟಲೆ ನಡೆಯಬೇಕಾದರೆ ಬರೀ ಕೆಟ್ಟವರಿಂದ ಆಗುವುದಿಲ್ಲ. ಸಮಯಕ್ಕೆ ಬರುವ, ಲೆಕ್ಕ ತಪ್ಪದ, ಹೇಳಿದ್ದನ್ನು ಮುಗಿಸುವ ಒಳ್ಳೆಯವರು ಬೇಕು. ಶ್ರದ್ಧೆ ಎಂಬುದು ಒಳ್ಳೆಯ ಕುದುರೆ, ಆದರೆ ಎಲ್ಲಿಗೆ ಹೋಗಬೇಕೆಂದು ಕುದುರೆ ಹೇಳುವುದಿಲ್ಲ.

ಹಾಗೆಂದು ಈ ಧಾರಾವಾಹಿಯನ್ನು ದೂರಲು ನಾನು ಕುಳಿತಿಲ್ಲ. ಅದು ದುಷ್ಟತನ ಕಲಿಸುವುದಿಲ್ಲ, ಕಚೇರಿಯ ಮೂರ್ಖತನವನ್ನು ನಗಿಸಿ ತೋರಿಸುತ್ತದೆ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಕಾರ್ಟೂನು ಎಂದ ಮಾತ್ರಕ್ಕೆ ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಹೆಣ್ಣಿನ ದೇಹವನ್ನು ಹಾಸ್ಯಕ್ಕೆ ಬಳಸಿದ ದೃಶ್ಯಗಳು ಅಲ್ಲಲ್ಲಿ ಇವೆ. ಮನೆಮಂದಿಯೆಲ್ಲ ಜೊತೆಯಲ್ಲಿ ಕುಳಿತು ನೋಡುವಂಥದ್ದಲ್ಲ. ಅಂತಹ ದೃಶ್ಯ ಬಂದಾಗ ಅಕ್ಕನ ಮಗಳೇ ಬೇಗ ಬೇಗ ಮುಂದಕ್ಕೆ ಓಡಿಸಿದಳು.

ಅವಳ ಕೆಲಸದ ವಿಷಯ ಹೇಳಲಿಲ್ಲ ಅಲ್ಲವೇ? ಶಾಲಾ ಮಕ್ಕಳಿಗೆ ಮೊಬೈಲಿನಲ್ಲಿ ಪಾಠ ಮಾರುವ ಒಂದು ಕಂಪೆನಿಯಲ್ಲಿದ್ದಾಳೆ. ಯಾವ ತಾಯಂದಿರಿಗೆ ಫೋನ್ ಮಾಡಬೇಕೆಂಬ ಪಟ್ಟಿಯನ್ನು ಅವಳು ಸಿದ್ಧಪಡಿಸುತ್ತಾಳೆ. ಮಗುವಿನ ತರಗತಿ, ಊರು, ಹಿಂದೆ ಎಷ್ಟು ಸಲ ವಿಚಾರಿಸಿದ್ದಾರೆ ಎಲ್ಲವೂ ಅದರಲ್ಲಿರುತ್ತದೆ. ತಂಡದ ಮುಖ್ಯಸ್ಥೆ ತುಂಬಾ ಒಳ್ಳೆಯವರಂತೆ, ಕೇಳಿದಾಗ ರಜೆ ಕೊಡುತ್ತಾರಂತೆ. ಆ ರಾತ್ರಿ ಪಾತ್ರೆ ತೊಳೆಯುತ್ತಾ ಅವಳನ್ನು ಕೇಳಿದೆ. "ಫೋನಿನಲ್ಲಿ ಆ ತಾಯಂದಿರಿಗೆ ಏನು ಹೇಳುತ್ತಾರೆ?"

"ಗೊತ್ತಿಲ್ಲ ಖಾಲಾ. ಪಟ್ಟಿ ಮಾತ್ರ ನನ್ನದು. ಫೋನ್ ಮಾಡುವುದು ನಮ್ಮ ವಿಭಾಗದ್ದಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅವಳೇ ಸುಮ್ಮನಾದಳು. ನಾನೂ ಮುಂದೆ ಕೇಳಲಿಲ್ಲ.

ಮರಳಿ ಹೋಗಿ ಎರಡು ವಾರದ ಬಳಿಕ ಅವಳ ಫೋನು ಬಂತು. ಪಕ್ಕದ ವಿಭಾಗದ ಗೆಳತಿಯ ಬಳಿ ಅರ್ಧ ದಿನ ಕುಳಿತು ಕರೆಗಳನ್ನು ಕೇಳಿಸಿಕೊಂಡಳಂತೆ. ಹಣವಿಲ್ಲ ಎಂದ ಒಬ್ಬ ತಾಯಿಗೆ, 'ನಿಮ್ಮ ಮಗ ಹಿಂದೆ ಬಿದ್ದರೆ ನಾಳೆ ನಿಮ್ಮನ್ನೇ ದೂರುತ್ತಾನೆ' ಎಂದು ಹೇಳಿದ್ದನ್ನು ಕೇಳಿದಳಂತೆ. ಆ ತಾಯಿಯ ಹೆಸರನ್ನು ಪಟ್ಟಿಯಲ್ಲಿ ಮೂರನೆಯ ಬಾರಿ ಸೇರಿಸಿದವಳು ತಾನೇ ಎಂದು ಹೇಳುವಾಗ ಅವಳ ದನಿ ನಡುಗುತ್ತಿತ್ತು. 'ಬೇಡ' ಎಂದವರ ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸುವುದಿಲ್ಲ ಎಂದು ಮುಖ್ಯಸ್ಥೆಗೆ ಬರೆದು ಕೊಟ್ಟಿದ್ದಾಳೆ. ಅದು ಈಗ ಒಂದು ಮೇಜಿನಿಂದ ಇನ್ನೊಂದಕ್ಕೆ ಏರುತ್ತಿದೆಯಂತೆ. ಉತ್ತರ ಇನ್ನೂ ಬಂದಿಲ್ಲ. ಕೆಲಸ ಉಳಿಯುವುದೋ ಇಲ್ಲವೋ ಅದೂ ಗೊತ್ತಿಲ್ಲ. ಅಕ್ಕನಿಗೆ ಚಿಂತೆಯಾಗಿದೆ, ಸಹಜವೇ. ಮನೆಯ ಸಾಲದ ಅರ್ಧ ಭಾರ ಅವಳ ಹೆಗಲ ಮೇಲಿದೆ.

ಮುಂದಿನ ಸಲ ನಿಮ್ಮ ಮಗನೋ ಮಗಳೋ ಊರಿಗೆ ಬಂದಾಗ ಊಟ ಸರಿಯಾಗಿ ಮಾಡುತ್ತೀಯಾ ಎಂದು ಖಂಡಿತ ಕೇಳಿ. ಕೈ ತೊಳೆದು ಕುಳಿತ ಮೇಲೆ ಇದನ್ನೂ ಕೇಳಿ: "ನೀನು ದಿನವಿಡೀ ಮಾಡುವ ಕೆಲಸ ಕೊನೆಗೆ ಯಾರ ಮನೆಗೆ ಹೋಗಿ ತಲಪುತ್ತದೆ?"