ಗೋಬಿಗೆ ಬಣ್ಣ ಯಾಕೆ?



ಆಸ್ಪತ್ರೆ, ಕಾಲೇಜು, ಕೆಲಸ ಅಂತ ಬೆಂಗಳೂರಿಗೆ ಹೋಗುವ, ಆಂಧ್ರದ ಗಡಿಯಲ್ಲಿರುವ ನಮ್ಮ ಮಡಕಶಿರಾ ಸೀಮೆಯವರಿಗೆ, ಅದರಲ್ಲೂ ಮಕ್ಕಳಿಗೆ, ಚೈನೀಸ್ ಹೋಟೆಲ್ ಊಟವೆಂದರೆ ಬಲು ಆಸೆ. ಜೋರು ಉರಿಯಲ್ಲಿ ಎಗರುವ ನೂಡಲ್ಸ್, ಬೆಳ್ಳುಳ್ಳಿ, ಸೋಯಾ ಸಾಸ್ ಘಮ ಯಾರಿಗೆ ಬೇಡ? ಆ ರುಚಿಗೆ ನನ್ನ ತಕರಾರಿಲ್ಲ. ತಕರಾರಿರುವುದು ಅಲ್ಲಿನ ಗೋಬಿಯ ಕೆಂಪು ಬಣ್ಣದ ಬಗ್ಗೆ.

ಕರ್ನಾಟಕದಲ್ಲಿ ಗೋಬಿ ಮಂಚೂರಿಯ 171 ಮಾದರಿ ಪರೀಕ್ಷಿಸಿದಾಗ 107ರಲ್ಲಿ ಕೃತಕ ಬಣ್ಣ ಸಿಕ್ಕಿತ್ತು. 2024ರ ಮಾರ್ಚ್‌ನಲ್ಲಿ ಸರ್ಕಾರ ಆ ಬಣ್ಣವನ್ನು ನಿಷೇಧಿಸಿತು. ತಪ್ಪಿದರೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಜೂನ್‌ನಲ್ಲಿ ಕಬಾಬಿಗೂ ಅದೇ ಆದೇಶ ಬಂತು. ಆದರೂ ಎಷ್ಟೋ ಕಡೆ ತಟ್ಟೆಗೆ ಬರುವ ಗೋಬಿ ಇನ್ನೂ ಬೆರಳಿಗೆ ಅಂಟುವಷ್ಟು ಕೆಂಪು. ಬ್ಯಾಡಗಿ ಮೆಣಸಿನಕಾಯಿ ಅರೆದು ಹಾಕಿದರೆ ಸಾಲದೇ?

ತಪಾಸಣೆಯ ಫಲಿತಾಂಶವನ್ನು ಹೋಟೆಲ್ ಬಾಗಿಲಲ್ಲೇ ಕನ್ನಡದಲ್ಲಿ ಹಾಕಿಸಬೇಕು. ಗಡಿಯ ಈಚೆ, ಮಡಕಶಿರಾ, ಹಿಂದೂಪುರದ ಫಾಸ್ಟ್‌ಫುಡ್ ಗಾಡಿಗಳನ್ನೂ ಆಂಧ್ರದ ಅಧಿಕಾರಿಗಳು ಹೀಗೇ ಪರೀಕ್ಷಿಸಲಿ. ಬಟ್ಟೆಗೆ ಹಾಕುವ ರೋಡಮೈನ್-ಬಿಯಂಥ ಕೃತಕ ಬಣ್ಣ ಯಾವ ರಾಜ್ಯದ ಮಕ್ಕಳ ಹೊಟ್ಟೆಗೂ ಒಳ್ಳೆಯದಲ್ಲ. ಆರ್ಡರ್ ಕೊಡುವಾಗಲೇ ‘ಕಲರ್ ಹಾಕಬೇಡಿ’ ಎಂದು ನಾವೂ ಗಟ್ಟಿಯಾಗಿ ಹೇಳೋಣ. ಗಿರಾಕಿಯ ಮಾತು ಅಡುಗೆಮನೆಗೆ ಬೇಗ ಮುಟ್ಟುತ್ತದೆ.

— ಓರ್ವ ಓದುಗ, ಗುಡಿಬಂಡೆ, ಮಡಕಶಿರಾ ಸೀಮೆ, ಆಂಧ್ರಪ್ರದೇಶ