ಐಎಂಎ ನುಗ್ಗಿದ ಕಂಡಿ ಇನ್ನೂ ಮುಚ್ಚಿಲ್ಲ

ಇಸ್ಲಾಮಿಕ್ ಬ್ಯಾಂಕಿಂಗ್‌ಗೆ ಅವಕಾಶ ಕೊಟ್ಟಿದ್ದರೆ ಬೆಂಗಳೂರಿನಲ್ಲಿ, ಬಡ್ಡಿಯಿಲ್ಲದ 'ಹಲಾಲ್' (ಇಸ್ಲಾಂ ಒಪ್ಪುವ) ಲಾಭದ ಹೆಸರಿನಲ್ಲಿ ಜನರ ಹಣ ಎತ್ತಿದ ಐಎಂಎ ಸಂಸ್ಥೆಯ ಹಗರಣ ಆಗುತ್ತಲೇ ಇರಲಿಲ್ಲ ಎಂದು ಒಂದು ಗುಂಪು ಹೇಳುತ್ತದೆ. ಕೊಟ್ಟಿದ್ದರೆ ಇಂಥವು ಇನ್ನೂ ಹತ್ತು ಆಗುತ್ತಿದ್ದವು ಎನ್ನುತ್ತದೆ ಇನ್ನೊಂದು. ಎರಡೂ ತಪ್ಪು. ಐಎಂಎ ಬೆಳೆದದ್ದು ಬ್ಯಾಂಕಿಂಗ್ ಕಾನೂನಿನ ಬಿಗಿಯಿಂದಲ್ಲ, ಷರಿಯಾದಿಂದಲೂ ಅಲ್ಲ. ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ, ಕಾಯ್ದೆಯ ಸಡಿಲದಿಂದ.

ರಘುರಾಂ ರಾಜನ್ ಸಮಿತಿ 2008ರಲ್ಲಿ, ದೀಪಕ್ ಮೊಹಾಂತಿ ಸಮಿತಿ 2015ರಲ್ಲಿ ಬಡ್ಡಿರಹಿತ ಬ್ಯಾಂಕಿಂಗ್ ಪರ ಶಿಫಾರಸು ಮಾಡಿದ್ದು, 2017ರಲ್ಲಿ ರಿಸರ್ವ್ ಬ್ಯಾಂಕ್ ಕಡತ ಮುಚ್ಚಿದ್ದು ಎಲ್ಲ ಹಳೆಯ ಕಥೆ. ಆದರೆ ಬಡ್ಡಿ ಬೇಡವೆನ್ನುವವರಿಗೆ ಬೇರೆ ದಾರಿಯೇ ಇರಲಿಲ್ಲ ಎಂಬುದು ನಿಜವಲ್ಲ. ಷರಿಯಾಕ್ಕೆ ಒಪ್ಪುವ ಷೇರುಗಳಲ್ಲಷ್ಟೇ ಹೂಡುವ ಟಾಟಾ ಎಥಿಕಲ್ ಫಂಡ್‌ನಂಥ ಮ್ಯೂಚುವಲ್ ಫಂಡ್ ಇತ್ತು. ಜನ ಅಲ್ಲಿಗೆ ಹೋಗಲಿಲ್ಲ, ಏಕೆಂದರೆ ಷೇರು ಏರಿದಂತೆ ಇಳಿಯುತ್ತದೆ ಕೂಡ. ಐಎಂಎ ತಿಂಗಳು ತಿಂಗಳೂ ಕೈಗೆ ಹಣ ಕೊಡುತ್ತಿತ್ತು. ಅದು ಮಾರಿದ್ದು ಲಾಭದ ಹೆಸರಿನಲ್ಲಿ ಬಡ್ಡಿಯ ಖಾತ್ರಿಯನ್ನು. ಒಬ್ಬ ಹಣ ಹಾಕಿ ಇನ್ನೊಬ್ಬ ವ್ಯಾಪಾರ ನಡೆಸುವ ಇಸ್ಲಾಮಿಕ್ ಪದ್ಧತಿಯಾದ ಮುದಾರಬಾ ಒಪ್ಪಂದದಲ್ಲಿ ನಷ್ಟವಾದರೆ ಅದು ಹಣ ಹಾಕಿದವನದು. ಹಾಗಿರುವಾಗ ಚಿನ್ನದ ವ್ಯಾಪಾರದಲ್ಲಿ ವರ್ಷಗಟ್ಟಲೆ ಲಾಭವನ್ನೇ ಹಂಚಿದವರನ್ನು ಮೊದಲು ಪ್ರಶ್ನಿಸಬೇಕಿದ್ದವರು ಮೌಲ್ವಿಗಳು. ಅವರಲ್ಲಿ ಕೆಲವರು ಪ್ರಚಾರಕ್ಕೇ ನಿಂತರು.

ಈಗ ಯಾರೂ ನೋಡದ ಸಂಖ್ಯೆಗೆ ಬರೋಣ: 50. ಸಾಮಾನ್ಯ ಪಾಲುದಾರಿಕೆ ಸಂಸ್ಥೆಯಲ್ಲಿ 50ಕ್ಕಿಂತ ಹೆಚ್ಚು ಪಾಲುದಾರರು ಇರುವಂತಿಲ್ಲ. 2013ರ ಕಂಪನಿ ಕಾಯ್ದೆಯಡಿ ರೂಪಿಸಿದ ನಿಯಮವೇ ಹಾಗೆ ಹೇಳುತ್ತದೆ. 2008ರ ಎಲ್‌ಎಲ್‌ಪಿ ಕಾಯ್ದೆಯಲ್ಲಿ ಕನಿಷ್ಠ ಇಬ್ಬರು ಬೇಕು, ಗರಿಷ್ಠ ಎಷ್ಟು? ಮಿತಿಯೇ ಇಲ್ಲ. ಐಎಂಎ ಇದನ್ನು ಚೆನ್ನಾಗಿ ಓದಿಕೊಂಡಿತ್ತು. ಹಣ ತಂದವರಿಗೆಲ್ಲ 'ಪಾಲುದಾರ' ಎಂಬ ಪಟ್ಟ ಕಟ್ಟಿತು. ಪಾಲುದಾರ ಕೊಟ್ಟಿದ್ದು ಬಂಡವಾಳ, ಠೇವಣಿಯಲ್ಲ. ಠೇವಣಿಯಲ್ಲದ ಮೇಲೆ ರಾಜ್ಯದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆಗೆ ಕೆಲಸವಿಲ್ಲ ಎಂಬುದು ಅದರ ತರ್ಕ. ಕುಸಿತಕ್ಕೆ ಮೊದಲು ಸರ್ಕಾರಿ ವಿಚಾರಣೆಯೇ ಕ್ಲೀನ್ ಚಿಟ್ ಕೊಟ್ಟಿತ್ತು. ಅದರ ಹಿಂದಿದ್ದ ಲಂಚದ ಆರೋಪಗಳನ್ನು ಪಕ್ಕಕ್ಕಿಡಿ. ಲಂಚ ಮುಟ್ಟದ ಅಧಿಕಾರಿಗೂ ಈ ತರ್ಕ ಅನುಕೂಲವಾಗಿಯೇ ಇತ್ತು.

2019ರ ಜೂನ್‌ನಲ್ಲಿ ಸಂಸ್ಥೆ ಕುಸಿಯಿತು, ಮಾಲೀಕ ದುಬೈಗೆ ಹಾರಿದ, ಕೆಲವೇ ವಾರಗಳಲ್ಲಿ ಸುಮಾರು 40 ಸಾವಿರ ದೂರುಗಳು ಬಂದವು. ಮರು ತಿಂಗಳೇ ಸಂಸತ್ತು ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ ಯಾವುದು ಠೇವಣಿಯಲ್ಲ ಎಂಬ ಪಟ್ಟಿಯನ್ನು ಓದಿ ನೋಡಿ. ಪಾಲುದಾರಿಕೆ ಸಂಸ್ಥೆ ಅಥವಾ ಎಲ್‌ಎಲ್‌ಪಿಗೆ ಪಾಲುದಾರರು ಕೊಡುವ ಬಂಡವಾಳ ಅಲ್ಲಿ ಸಲೀಸಾಗಿ ಕುಳಿತಿದೆ! ಶಿವಾಜಿನಗರದ ಬೀದಿಯಲ್ಲಿ ಜನ ಸಾಲುಗಟ್ಟಿ ಅಳುತ್ತಿದ್ದ ಹೊತ್ತಿನಲ್ಲಿ ದೆಹಲಿ ಆ ಕಂಡಿಯನ್ನು ಹಾಗೆಯೇ ಉಳಿಸಿತು.

ಸಣ್ಣ ಉದ್ಯಮಗಳಿಗೆ ಈ ವಿನಾಯಿತಿ ಬೇಕು ಎನ್ನುತ್ತಾರೆ. ಬೇಕು, ಸರಿ. ಐವತ್ತು ಪಾಲುದಾರರವರೆಗೆ ಇರಲಿ. ಸಾವಿರಾರು ಪಾಲುದಾರರಿರುವ ಸಣ್ಣ ಉದ್ಯಮ ಯಾವುದು? ಜೊತೆಗೆ, ಷೇರುಪೇಟೆ ನಿಯಂತ್ರಕ ಸೆಬಿಯ ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿಯ ಪ್ರಕಾರ ನೋಂದಣಿಯಿಲ್ಲದೆ ₹100 ಕೋಟಿ ಅಥವಾ ಅದಕ್ಕಿಂತ ಹೆಚ್ಚು ಹಣ ಕ್ರೋಡೀಕರಿಸಿದರೆ ಅದನ್ನು ಸಾಮೂಹಿಕ ಹೂಡಿಕೆ ಯೋಜನೆಯೆಂದೇ ಸೆಬಿ ಪರಿಗಣಿಸಬಹುದು. ಐಎಂಎ ಎತ್ತಿದ್ದು ಸಾವಿರಾರು ಕೋಟಿ. ಅಸ್ತ್ರವಿತ್ತು, ಹಿಡಿಯುವ ಕೈ ಇರಲಿಲ್ಲ.

ಈಗ ಹಲಾಲ್ ಹೂಡಿಕೆ ಮೊಬೈಲಿಗೆ ಬಂದಿದೆ. ಯಾವ ಷೇರು ಹಲಾಲ್ ಎಂದು ಸೋಸಿ ಹೇಳುವ ಆ್ಯಪ್‌ಗಳ ಬಗ್ಗೆ ನನಗೆ ತಕರಾರಿಲ್ಲ. ಹಣವನ್ನೇ ತಾವು ಪಡೆದು 'ಪಾಲುದಾರಿಕೆ' ಕೊಡುವ ಆ್ಯಪ್‌ಗಳ ಬಗ್ಗೆ ಇದೆ. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ 2022ರಲ್ಲಿ ಹಲಾಲ್ ಹೂಡಿಕೆ ಕಂಪನಿ ವಹೀದ್ ಇನ್ವೆಸ್ಟ್ ಮೇಲೆ 3 ಲಕ್ಷ ಡಾಲರ್ ದಂಡ ಹಾಕಿತು. ಷರಿಯಾ ಪಾಲನೆಯನ್ನು ಮುಂದಿಟ್ಟು ಪ್ರಚಾರ ಮಾಡಿದ್ದ ಕಂಪನಿಯ ಬಳಿ ಅದನ್ನು ನಿರಂತರ ಪರಿಶೀಲಿಸುವ ಲಿಖಿತ ಕ್ರಮವೇ ಇರಲಿಲ್ಲ ಎಂಬುದು ಆಕ್ಷೇಪಗಳಲ್ಲೊಂದು. ಎಸ್‌ಇಸಿ ಧರ್ಮಶಾಸ್ತ್ರ ಕೆದಕಲಿಲ್ಲ, ಹೇಳಿದ್ದನ್ನು ಮಾಡಿದ್ದೀರಾ ಎಂದಷ್ಟೇ ಕೇಳಿತು. ನಮ್ಮಲ್ಲಿ ಧರ್ಮದ ವಿಷಯವೆಂದರೆ ಒಬ್ಬ ಅಧಿಕಾರಿ ಮುಟ್ಟಲು ಅಂಜುತ್ತಾನೆ, ಇನ್ನೊಬ್ಬ ಅದನ್ನೇ ನೆಪ ಮಾಡಿಕೊಳ್ಳುತ್ತಾನೆ.

ಕಾಯ್ದೆ ತಿದ್ದುಪಡಿಗೆ ವರ್ಷಗಳು ಹಿಡಿಯಬಹುದು. ಆದರೆ ಪ್ರತಿ ಎಲ್‌ಎಲ್‌ಪಿ ವರ್ಷಕ್ಕೊಮ್ಮೆ ಸಲ್ಲಿಸುವ ಫಾರ್ಮ್ 11ರಲ್ಲಿ ಪಾಲುದಾರರ ಸಂಖ್ಯೆ ಬರೆಯಲೇಬೇಕು. 50 ದಾಟಿದವರ ಪಟ್ಟಿ ತೆಗೆದು, ಆ ಸಂಖ್ಯೆಗೂ ಅವರ ಬ್ಯಾಂಕ್ ಖಾತೆಗೆ ಹಣ ಹಾಕಿದವರ ಸಂಖ್ಯೆಗೂ ತಾಳೆ ನೋಡಲು ಹೊಸ ಕಾನೂನು ಬೇಕಿಲ್ಲ, ಹೊಸ ಸಮಿತಿಯೂ ಬೇಕಿಲ್ಲ.