ಉಜ್ಜಬೇಡಿ, ನೆನೆಸಿ

(1/7)
ಮೊದಲ ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ. ಬಾನೆಟ್ ಎಡಗಡೆ ಅಂಗೈ ಅಗಲದ ಜಾಗ ಮಂಜು ಕವಿದ ಹಾಗೆ ಕಾಣುತ್ತಲ್ಲ, ಅದು ಲೈಟಿಂಗ್ ಅಲ್ಲ, ಫಿಲ್ಟರೂ ಅಲ್ಲ. ಅದು ನನ್ನ ಕೈಕೆಲಸ.

ಕಾರು ಅಪ್ಪನದು. ಸೆಕೆಂಡ್ ಹ್ಯಾಂಡ್, ಕಡು ನೀಲಿ ಬಣ್ಣ. ಐವತ್ತು ದಾಟಿದ ಮೇಲೆ ಅವರು ತಗೊಂಡ ಮೊದಲ ಕಾರು. ಇನ್ನೂ ಹದಿನಾಲ್ಕು ಕಂತು ಬಾಕಿ ಇದೆ. ಮಾರ್ಚ್‌ನಲ್ಲಿ ಅಪ್ಪ ಅಮ್ಮ ನಾಲ್ಕು ದಿನ ಮದುವೆಗೆ ಅಂತ ರೈಲಲ್ಲಿ ಹೋದ್ರು. ಹೋಗುವಾಗ ಅಪ್ಪ ಹೇಳಿದ್ದು ಒಂದೇ ಮಾತು: "ನೆರಳಲ್ಲಿ ನಿಲ್ಸು ಮಗಾ." ನಾನು ನಿಲ್ಸಿದ್ದು ರಸ್ತೆ ಬದಿ ಮಾವಿನ ಮರದ ಕೆಳಗೆ. ನೆರಳು ಅಂದ್ರೆ ನೆರಳೇ ಅಲ್ವಾ?

ಅಲ್ಲ ಕಣ್ರೀ. ನಮ್ಮ ತುಮಕೂರಿನ ಮಾರ್ಚ್ ಬಿಸಿಲು ನಿಮಗೆ ಗೊತ್ತು. ಮರದ ನೆರಳು ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ. ಮಾವು ಹೂ ಬಿಟ್ಟಾಗ ಜಿಗಿಹುಳು ಬರುತ್ತೆ, ಅದು ಸಕ್ಕರೆ ಪಾಕದ ಥರ ಅಂಟು ಸುರಿಸುತ್ತೆ. ಮೇಲಿಂದ ಕಾಗೆಗಳ ಹಿಕ್ಕೆ ಬೇರೆ. ನಾಲ್ಕು ದಿನ ಎಲ್ಲಾ ಸೇರಿ ಬಾನೆಟ್ ಮೇಲೆ ಹಪ್ಪಳದ ಹಾಗೆ ಒಣಗಿ ಕೂತಿತ್ತು.

(2/7)
ಭಾನುವಾರ ಮಧ್ಯಾಹ್ನ ಹನ್ನೆರಡು ಗಂಟೆ. ಸಂಜೆ ಅಪ್ಪ ಬರೋರು. ಅದಕ್ಕಿಂತ ಮೊದಲು ನನಗೆ ಕಾರಿನ ಜೊತೆ ಒಂದು ಫೋಟೋ ಬೇಕಿತ್ತು. ನಿಜ ಹೇಳ್ಬೇಕು ಅಂದ್ರೆ ಅವಸರಕ್ಕೆ ಕಾರಣ ಅಪ್ಪ ಅಲ್ಲ, ಫೋಟೋ.

ಬಟ್ಟೇಲಿ ಒರೆಸಿದೆ, ಹೋಗಲಿಲ್ಲ. ಒಂದು ರೀಲ್‌ನಲ್ಲಿ ಯಾರೋ ಮೂವತ್ತು ಸೆಕೆಂಡಲ್ಲಿ ಫಳಫಳ ಮಾಡಿದ್ದು ನೆನಪಾಯ್ತು. ಅಡುಗೆಮನೆಗೆ ಹೋಗಿ ಪಾತ್ರೆ ತಿಕ್ಕೋ ಹಸಿರು ಸ್ಕ್ರಬ್ಬರ್ ತಂದೆ. ಜೊತೆಗೆ ಸ್ವಲ್ಪ ಟೂತ್‌ಪೇಸ್ಟ್. ಎರಡು ನಿಮಿಷ ಚೆನ್ನಾಗಿ ಉಜ್ಜಿದೆ. ಕಲೆ ಹೋಯ್ತು! ನೀರು ಹಾಕಿದೆ, ಕನ್ನಡಿ ಥರ ಹೊಳೀತು. ಹಾಗೇ ಫೋಟೋ ತೆಗೆದು ಹಾಕ್ದೆ. ನಿಮ್ಮಲ್ಲೇ ಎಷ್ಟೋ ಜನ ಬೆಂಕಿ ಇಮೋಜಿ ಹಾಕಿದ್ರಿ.

ಹತ್ತು ನಿಮಿಷದಲ್ಲಿ ನೀರು ಆರಿತು. ಮಂಜು ಕಾಣಿಸ್ತು. ಒರೆಸಿದೆ, ಹೋಗಲಿಲ್ಲ. ಯಾಕಂದ್ರೆ ಅದು ಪೇಂಟ್ ಮೇಲೆ ಕೂತಿರಲಿಲ್ಲ, ಪೇಂಟೇ ಹಾಗಾಗಿತ್ತು.

ಆ ಪೋಸ್ಟ್ ಡಿಲೀಟ್ ಮಾಡಿದೀನಿ. ಈ ಸರಣಿ ಅದಕ್ಕೆ ಬದಲು.

(3/7)
ಮಾರನೇ ದಿನ ಟಿಂಕರಿಂಗ್ ಶೆಡ್‌ನಲ್ಲಿ ಪೇಂಟರ್ ಅಣ್ಣ ಬಾನೆಟ್ ನೋಡಿ ನಕ್ಕುಬಿಟ್ರು. ಅವರು ಹೇಳಿದ್ದು, ಆಮೇಲೆ ನಾನು ಓದಿ ತಿಳ್ಕೊಂಡಿದ್ದು ಸೇರಿಸಿ ಹೇಳ್ತೀನಿ.

ಕಾರಿನ ಬಣ್ಣ ಅಂದ್ರೆ ಒಂದು ಪದರ ಅಲ್ಲ. ತುಕ್ಕು ತಡೆಯೋ ಪದರ, ಪ್ರೈಮರ್, ಬಣ್ಣದ ಪದರ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಹೊಳಪು ಕೊಡೋದು ಈ ಮೇಲಿನದು. ಎಲ್ಲಾ ಸೇರಿದ್ರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದ್ರೆ ನಾವು ನೋಟ್ಸ್ ಜೆರಾಕ್ಸ್ ಮಾಡಿಸೋ ಹಾಳೆಯಷ್ಟು ಅಥವಾ ಸ್ವಲ್ಪ ಜಾಸ್ತಿ. ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸುಮಾರು 40ರಿಂದ 50 ಮೈಕ್ರಾನ್, ಜೆರಾಕ್ಸ್ ಹಾಳೆಯ ಅರ್ಧ. ಅದರ ಮೇಲೆ ನಾನು ಸ್ಟೀಲ್ ಪಾತ್ರೆಗೇ ಗೀರು ಹಾಕೋ ಸ್ಕ್ರಬ್ಬರ್ ಓಡಿಸಿದ್ದೆ.

ಹಕ್ಕಿ ಹಿಕ್ಕೆ ಯಾಕೆ ಇಷ್ಟು ಹಟಮಾರಿ? ಅದರ ಬಿಳಿ ಭಾಗ ಹೆಚ್ಚಾಗಿ ಯೂರಿಕ್ ಆಮ್ಲ. ಒಳಗೆ ಬೀಜ, ಮಣ್ಣಿನ ಕಾಳು ಇರುತ್ತೆ. ಬಿಸಿಲಲ್ಲಿ ಕಡು ಬಣ್ಣದ ಬಾನೆಟ್ 60 ಡಿಗ್ರಿ ದಾಟೋದು ಮಾಮೂಲಿ. ಆಗ ಕ್ಲಿಯರ್ ಕೋಟ್ ಹಿಗ್ಗಿ ಸ್ವಲ್ಪ ಮೆತ್ತಗಾಗುತ್ತೆ. ಸಂಜೆ ತಣ್ಣಗಾದಾಗ ಕುಗ್ಗಿ, ಒಣಗಿದ ಹಿಕ್ಕೆಯನ್ನು ಹಿಡ್ಕೊಳ್ಳುತ್ತೆ. ದಿನಾ ಹೀಗೇ ಆದ್ರೆ ಕಲೆ ಕೂರೋದಷ್ಟೇ ಅಲ್ಲ, ಅಚ್ಚು ಒತ್ತುತ್ತೆ. ಇಂಥದ್ದನ್ನ ಒಣಗಿದ್ದಾಗಲೇ ಉಜ್ಜಿದ್ರೆ ಒಳಗಿನ ಕಾಳುಗಳೇ ಉಪ್ಪುಕಾಗದದ ಕೆಲಸ ಮಾಡ್ತವೆ.

(4/7)
ಈಗ ನನ್ನ ಅಭಿಪ್ರಾಯ, ಒಂದೇ ಸಾಲಲ್ಲಿ: ಕಾರನ್ನ ಹಾಳು ಮಾಡಿದ್ದು ಕಾಗೆಗಿಂತ ಹೆಚ್ಚು ನನ್ನ ಅವಸರ.

ಆ ಅವಸರ ಕಲಿಸಿದ್ದು ಮೂವತ್ತು ಸೆಕೆಂಡಿನ ರೀಲ್‌ಗಳು. ಅವುಗಳ ಟ್ರಿಕ್ ಏನು ಗೊತ್ತಾ? "ಆಫ್ಟರ್" ಶಾಟ್‌ನಲ್ಲಿ ಕಾರು ಯಾವಾಗಲೂ ಒದ್ದೆ. ನೀರು ಸಣ್ಣ ಗೀರುಗಳಲ್ಲಿ ತುಂಬ್ಕೊಂಡಾಗ ಬೆಳಕು ಚದುರಲ್ಲ, ಎಲ್ಲಾ ನುಣುಪಾಗಿ ಕಾಣುತ್ತೆ. ನನ್ನ ಫೋಟೋನೂ ಹಾಗೇ ಸುಳ್ಳು ಹೇಳ್ತು. ಇನ್ಮೇಲೆ ಯಾವ ಕ್ಲೀನಿಂಗ್ ವಿಡಿಯೋ ನೋಡಿದ್ರೂ ಒಂದು ಪ್ರಶ್ನೆ ಕೇಳಿ: ಒಣಗಿದ ಮೇಲೆ, ಬಿಸಿಲಲ್ಲಿ ತೋರಿಸು ನೋಡೋಣ?

"ಕಾರು ಓಡಿಸೋಕೆ ಇರೋದು, ನೋಡ್ಕೊಂಡು ಕೂರೋಕಲ್ಲ" ಅಂತ ಕೆಲವರು ಕಾಮೆಂಟ್ ಮಾಡ್ತೀರ. ಸರಿ, ಶೋಕಿ ಬೇಡ, ಲೆಕ್ಕಾನೇ ಮಾತಾಡೋಣ. ಕಾಸ್ಟ್ ಅಕೌಂಟಿಂಗ್‌ನಲ್ಲಿ ನಾರ್ಮಲ್ ಲಾಸ್, ಅಬ್‌ನಾರ್ಮಲ್ ಲಾಸ್ ಅಂತ ಓದಿದೀವಲ್ಲ? ಬಿಸಿಲು, ಧೂಳು, ವಯಸ್ಸಿಂದ ಬಣ್ಣ ಮಾಸೋದು ನಾರ್ಮಲ್, ಅದು ಯಾರ ಕೈಲೂ ಇಲ್ಲ. ಸ್ಕ್ರಬ್ಬರ್ ಹಿಡಿದು ನಾನು ಮಾಡಿದ್ದು ಅಬ್‌ನಾರ್ಮಲ್. ತಪ್ಪಿಸಬಹುದಾಗಿದ್ದ ನಷ್ಟ. ಅದು ನೇರ ಪ್ರಾಫಿಟ್ ಅಂಡ್ ಲಾಸ್ ಅಕೌಂಟ್‌ಗೆ. ಇಲ್ಲಿ ಅಂದ್ರೆ ಅಪ್ಪನ ಜೇಬಿಗೆ.

ಬಾನೆಟ್ ಪೂರ್ತಿ ಪೇಂಟ್‌ಗೆ ಪೇಂಟರ್ ಅಣ್ಣ ಹೇಳಿದ್ದು 6,500 ರೂಪಾಯಿ. ಅಷ್ಟಕ್ಕೇ ಮುಗಿಯಲ್ಲ. ನಾಳೆ ಕಾರು ಮಾರೋಕೆ ಹೋದ್ರೆ ತಗೊಳೋರು ಪೇಂಟ್ ದಪ್ಪ ಅಳೆಯೋ ಮೀಟರ್ ಇಟ್ಟು ನೋಡ್ತಾರೆ. ಒಂದೇ ಕಡೆ ಹೊಸ ಪೇಂಟ್ ಸಿಕ್ತಾ, "ಆಕ್ಸಿಡೆಂಟ್ ಆಗಿತ್ತಾ?" ಅಂತ ಶುರು. ಆಮೇಲೆ ನೀವು ಸ್ಕ್ರಬ್ಬರ್ ಕಥೆ ಹೇಳಿದ್ರೆ ಯಾರು ನಂಬ್ತಾರೆ?

(5/7)
ಹಾಗಾದ್ರೆ ಏನು ಮಾಡ್ಬೇಕು? ಖರ್ಚು ಹೆಚ್ಚುಕಮ್ಮಿ ಇಲ್ಲ.

ಮೊದಲು ಗಾಡಿ ನೆರಳಿಗೆ ತನ್ನಿ, ಬಾನೆಟ್ ತಣ್ಣಗಾಗೋವರೆಗೆ ಕಾಯಿರಿ. ಮುಟ್ಟಿ ನೋಡಿದ್ರೆ ಬಿಸಿ ಅನ್ನಿಸಬಾರದು. ಬೆಚ್ಚಗಿನ ನೀರಿಗೆ ಸ್ವಲ್ಪ ಕಾರ್ ಶಾಂಪೂ ಹಾಕಿ. ಮೈಕ್ರೋಫೈಬರ್ ಬಟ್ಟೆ, ಇಲ್ಲದಿದ್ರೆ ಹಳೇ ಕಾಟನ್ ಬನಿಯನ್ ಚೆನ್ನಾಗಿ ನೆನೆಸಿ ಕಲೆ ಮೇಲೆ ಹಾಸಿ. ಹಾಸಿ ಅಷ್ಟೇ, ಒತ್ತಬೇಡಿ. ಹತ್ತು ಹದಿನೈದು ನಿಮಿಷ ಬಿಡಿ, ಆರ್ತಾ ಬಂದ್ರೆ ಮತ್ತೆ ನೀರು ಹಾಕಿ. ಆಮೇಲೆ ಬಟ್ಟೆಯಲ್ಲೇ ಚಿವುಟಿ ಮೇಲಕ್ಕೆ ಎತ್ತಿ, ಅಕ್ಕಪಕ್ಕ ಎಳೀಬೇಡಿ. ನೀರು ಸುರೀರಿ. ಉಳಿದಿದ್ರೆ ಇನ್ನೊಂದು ಸಲ, ಬೇಕಿದ್ರೆ ಮೂರನೇ ಸಲ. ಬಟ್ಟೆ ಕೆಳಗೆ ಬಿತ್ತಾ? ಅದನ್ನ ಮತ್ತೆ ಮುಟ್ಟಿಸಬೇಡಿ, ನೆಲದ ಮರಳೆಲ್ಲಾ ಅದರಲ್ಲಿದೆ.

ಎಲ್ಲಾ ಕಲೆಗೂ ಒಂದೇ ಮದ್ದು ಅಲ್ಲ. ಹೈವೇಲಿ ಹತ್ತೋ ಹುಳಗಳಿಗೆ ಇದೇ ಒದ್ದೆ ಬಟ್ಟೆ ಸಾಕು, ಆದ್ರೆ ಅವತ್ತೇ ಮಾಡ್ಬೇಕು. ಮರದ ಗೋಂದಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆ ಅರ್ಧ ನಿಮಿಷ ಹಿಡೀರಿ, ಮೆತ್ತಗಾಗುತ್ತೆ. ಡಾಂಬರಿನ ಚುಕ್ಕೆ ನೀರಿಗೆ ಬಗ್ಗಲ್ಲ, ಅದೂ ಪೆಟ್ರೋಲಿಯಂ ಜಾತಿಯದು. ಟಾರ್ ರಿಮೂವರ್ ಅಥವಾ ಬಟ್ಟೆ ತುದಿಗೆ ಒಂಚೂರು ಸೀಮೆಎಣ್ಣೆ ಸಾಕು, ಆದ್ರೆ ಕೂಡಲೇ ಶಾಂಪೂ ಹಾಕಿ ತೊಳೀರಿ. ಹೊಸದಾಗಿ ಪೇಂಟ್ ಮಾಡಿಸಿದ ಜಾಗಕ್ಕೆ ಮಾತ್ರ ಇವೆರಡೂ ಬೇಡ. ನಮ್ಮ ಬೋರ್‌ವೆಲ್ ನೀರಿನ ಬಿಳಿ ಚುಕ್ಕೆ ಅಂದ್ರೆ ಸುಣ್ಣದಂಶ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ನೆರಳಲ್ಲಿ ಒಂದು ನಿಮಿಷ ಇಟ್ಟು, ತೊಳೆದುಬಿಡಿ.

ಗಮನಿಸಿದ್ರಾ? ಇದರಲ್ಲಿ ಎಲ್ಲೂ "ಜೋರಾಗಿ ಉಜ್ಜಿ" ಅಂತ ಇಲ್ಲ. ಕಲೆ ಯಾವ ಜಾತಿ ಅಂತ ನೋಡಿ, ಅದು ಸಡಿಲ ಆಗೋದನ್ನ ಹಾಕಿ, ಟೈಮ್ ಕೊಡೋದು. ಅಷ್ಟೇ ಕೆಲಸ.

(6/7)
ಇನ್ನೊಂದು ಮಾತು. ಎಲ್ಲಾ ತೊಳೆದ ಮೇಲೂ ಉಂಗುರದ ಥರ ಮಂಕು ಗುರುತು ಉಳಿದ್ರೆ, ಅದು ಕಲೆ ಅಲ್ಲ. ಕ್ಲಿಯರ್ ಕೋಟ್ ಅಲ್ಲಿ ತಿಂದುಹೋಗಿದೆ. ಅಲ್ಲಿಗೆ ನಿಲ್ಲಿಸಿ. ಆಮೇಲೆ ಉಜ್ಜೋದೆಲ್ಲ ಸತ್ತ ಹಾವನ್ನ ಹೊಡೆದಂಗೆ.

ಕೆಲಸ ಗೊತ್ತಿರೋರ ಕೈಲಿ ಪಾಲಿಷ್ ಮಾಡಿಸಬಹುದು, ಆದ್ರೆ ಪ್ರತಿ ಪಾಲಿಷ್ ಕ್ಲಿಯರ್ ಕೋಟ್‌ನಲ್ಲಿ ಕೆಲವು ಮೈಕ್ರಾನ್ ತಿನ್ನುತ್ತೆ. ಡೆಪಾಸಿಟ್ ಮಾಡೋ ಅವಕಾಶವೇ ಇಲ್ಲದ ಅಕೌಂಟ್ ಅದು, ಬರೀ ವಿತ್‌ಡ್ರಾ. ಯೋಚನೆ ಮಾಡಿ ತೆಗೀರಿ. ನಮ್ಮ ಬಾನೆಟ್‌ಗೆ ಒಂದು ಸಲ ಪಾಲಿಷ್ ಆಗಿದೆ. ಮುಕ್ಕಾಲು ಪಾಲು ಹೋಯ್ತು. ಫೋಟೋದಲ್ಲಿ ಕಾಣ್ತಿರೋದು ಉಳಿದ ಕಾಲು ಭಾಗ. ಪೇಂಟ್ ಮಾಡಿಸಲಿಲ್ಲ, ಅಪ್ಪ ಬೇಡ ಅಂದ್ರು.

ಕಾರಿಲ್ಲದವರು ಸ್ಕ್ರೋಲ್ ಮಾಡಿ ಹೋಗಬೇಡಿ. ಬೈಕ್ ಟ್ಯಾಂಕು, ಸ್ಕೂಟಿ ಮುಂಭಾಗ, ಎಲ್ಲಾ ಇದೇ ಕಥೆ. ಕಾಲೇಜ್ ಪಾರ್ಕಿಂಗ್‌ನಲ್ಲಿ ಮರದ ಕೆಳಗಿನ ಜಾಗಕ್ಕೆ ಜಗಳ ಆಡೋರು ನಾವೇ ಅಲ್ವಾ? ಗಾಡಿ ಹೆಚ್ಚಿನವರಿಗೆ ಅಪ್ಪನ ದುಡ್ಡಲ್ಲೇ ಬಂದಿರುತ್ತೆ.

(7/7)
ಆ ಸಂಜೆ ಏನಾಯ್ತು ಅಂತ ಕೇಳ್ತೀರ. ಮೊದಲು ಮುಚ್ಚಿಡೋಣ ಅನ್ಕೊಂಡೆ. ಮಂಕಾದ ಕಡೆ ಗೋಡೆಗೆ ಬರೋ ಹಾಗೆ ನಿಲ್ಲಿಸಿದ್ದೂ ಆಯ್ತು. ಅಪ್ಪ ಬ್ಯಾಗ್ ಕೆಳಗಿಡೋಕೆ ಮೊದಲೇ ಕಾರಿನ ಸುತ್ತ ಒಂದು ರೌಂಡ್ ಹಾಕಿದ್ರು. ಬಾನೆಟ್ ಮೇಲೆ ಕೈ ಆಡಿಸಿದ್ರು. ಬೈಯಲಿಲ್ಲ. "ಏನಾಯ್ತೋ?" ಅಂದ್ರು, ಅಷ್ಟೇ. ಬೈದಿದ್ರೆ ಚೆನ್ನಾಗಿತ್ತು ಅನ್ನಿಸ್ತು. ಎಲ್ಲಾ ಹೇಳ್ದೆ, ಫೋಟೋ ವಿಷಯಾನೂ.

ಅಮ್ಮ ಬಾಗಿಲಲ್ಲೇ ನಿಂತು ಕೇಳಿಸ್ಕೊಂಡು ಅಂದ್ರು: "ಹಾಲು ತಳ ಹಿಡಿದ ಪಾತ್ರೆನ ನಾನು ಯಾವತ್ತಾದ್ರೂ ಕೂಡಲೇ ತಿಕ್ಕಿದ್ದು ನೋಡಿದೀಯಾ? ರಾತ್ರಿ ನೀರು ಹಾಕಿಟ್ರೆ ಬೆಳಿಗ್ಗೆ ತಾನಾಗೇ ಬಿಡುತ್ತೆ. ಇದಕ್ಕೂ ವಿಡಿಯೋ ನೋಡ್ಬೇಕಿತ್ತಾ?"

ಇಪ್ಪತ್ತು ವರ್ಷದಿಂದ ಅದೇ ಸಿಂಕ್ ಮುಂದೆ ಓಡಾಡಿದೀನಿ. ನೆನೆ ಹಾಕಿದ ಪಾತ್ರೆ ದಿನಾ ನೋಡಿದೀನಿ. ಕಲಿತಿರಲಿಲ್ಲ.

ಈಗ ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ, ಬಿಸಿಲು ಏರೋಕೆ ಮೊದಲು, ಕಾರು ತೊಳೆಯೋದು ನನ್ನ ಕೆಲಸ. ಪಾಲಿಷ್ ದುಡ್ಡು 1,200 ರೂಪಾಯಿ ನನ್ನ ಪಾಕೆಟ್ ಮನಿಯಿಂದ ಮೂರು ಕಂತಲ್ಲಿ ಅಪ್ಪನಿಗೆ ವಾಪಸ್ ಕೊಡ್ತಿದೀನಿ. ಎರಡು ಮುಗೀತು.

ಸೇವ್ ಮಾಡಿ ಇಟ್ಕೊಳ್ಳಿ. ನಾಳೆ ಗಾಡಿ ಮೇಲೆ ಹಿಕ್ಕೆ ಕಂಡ ಕೂಡಲೇ ಕೈಗೆ ಸಿಕ್ಕಿದ್ದು ತಗೊಂಡು ಉಜ್ಜಬೇಡಿ, ನೀರು ಹಾಕಿ, ಬಟ್ಟೆ ಹಾಸಿ, ಹೋಗಿ ಕಾಫಿ ಕುಡಿದು ಬನ್ನಿ. ನೀವೂ ಹೀಗೆ ಏನಾದ್ರೂ ಉಜ್ಜಿ ಹಾಳು ಮಾಡಿದ್ರೆ ಕಾಮೆಂಟ್‌ನಲ್ಲಿ ಹೇಳಿ. ನಗಲ್ಲ, ನನಗೆ ನಗೋ ಹಕ್ಕಿಲ್ಲ.

#ಉಜ್ಜಬೇಡಿ #ನೆನೆಸಿ #ಅಪ್ಪನಕಾರು #ತುಮಕೂರು #ಬಿಕಾಂಹುಡುಗನಮಾತು